ಅತ್ತೆಯನ್ನು ಏನೆಂದು ಕೂಗಲಿ?

ಊರಿನವರೆಲ್ಲರ ಗಂಟಲೂ ನನಗೆ ಬರುತ್ತದೆ. ಕಂಡಕ್ಟರ್ ಸೀಟಿ ಹೊಡೆದು ರೈಟ್ ಅನ್ನುವುದು, ಎಸ್.ಎಸ್. ಬಡಾವಣೆಯ ನಮ್ಮ ಮನೆ ಓನರ್ ಮಹಡಿಯಿಂದ "ಮೋಟರ್ ಆರ್ಸ್ರೀ" ಎಂದು ಚೀರುವುದು, ನಮ್ಮಪ್ಪ ಫೋನು ಎತ್ತಿ ಜಗಳಕ್ಕೆ ಬಂದವರಂತೆ ಹಲೋ ಅನ್ನುವುದು, ಎಲ್ಲವನ್ನೂ ಅವರಿಗಿಂತ ಚೆನ್ನಾಗಿ ಮಾಡುತ್ತೇನೆ. ಈ ವಿದ್ಯೆಯಿಂದಲೇ ದಾವಣಗೆರೆಯ ಪ್ರಚಾರದ ಆಟೋಗಳಿಗೆ ದನಿ ಕೊಟ್ಟು ಬದುಕುತ್ತಿದ್ದೇನೆ. ಸೀರೆ ಸೇಲಾಗಲಿ, ಮೂಲವ್ಯಾಧಿಯ ಔಷಧವಾಗಲಿ, ಉತ್ಸಾಹದಲ್ಲಿ ನಾನು ಭೇದ ಮಾಡಿದವನಲ್ಲ.

ಹರಿಹರದಲ್ಲಿರುವ ಗಿರಿಜತ್ತೆ ನಮ್ಮಪ್ಪನ ತಂಗಿ. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ, ಇಬ್ಬರು ಗೆಳತಿಯರ ಜೊತೆ ಕೈಯಲ್ಲೇ ಕೌದಿ ಹೊಲಿಯುತ್ತಾರೆ. ಹೋದ ಸಲ ಮಳಿಗೆ ಹಾಕಿದಾಗ ಯಾರೋ ಬ್ಯಾನರಿನ ಮೇಲೆ 'ಅಬಲೆಯರ ಕೈಕೆಲಸ' ಎಂದು ಬರೆಸಿದ್ದರು. ಬಂದವರು ಕೌದಿ ನೋಡುವುದು ಬಿಟ್ಟು ಅತ್ತೆಯ ಮುಖ ನೋಡಿ ಲೊಚಗುಟ್ಟಿದರಂತೆ. ಈ ಸಲ ದಾವಣಗೆರೆಯಲ್ಲಿ ಮಳಿಗೆ, ಪ್ರಚಾರ ನನ್ನದು.

"ನೋಡಪಾ, ಅಯ್ಯೋ ಪಾಪ ಅಂತ ತಗಳೋರು ನಂಗೆ ಬ್ಯಾಡ. ಚೆಂದ ಐತೆ ಅಂತ ತಗೋಬೇಕು. ಈ ಸಲಾನೂ ಹಂಗೇ ಆದ್ರೆ ಸೂಜಿ ಎತ್ತಿಟ್ಟು ಸುಮ್ನೆ ಕೂಡ್ತೀನಿ. ನಮಗೊಂದು ಮರ್ಯಾದಿ ಹೆಸರಿಟ್ಟು ಕೂಗು" ಎಂದರು ಅತ್ತೆ.

ಹೆಸರೇನು ಬೀದಿಯಲ್ಲಿ ಬಿದ್ದಿರುತ್ತದೆಯೇ? 'ಕುಶಲಕರ್ಮಿ' ಅಂದೆ. "ಕರ್ಮ ನಮ್ದಲ್ಲ, ನಿಂದು" ಅಂದರು. 'ಕೆಲಸದವರು' ಅಂದರೆ ಪಾತ್ರೆ ತೊಳೆಯಲು ಕರೆಯುತ್ತಾರೆ. 'ಕಸುಬುದಾರ' ಗಂಡಸಿಗೆ ಬಿರುದು. ಅದನ್ನೇ ಹೆಂಗಸಿಗೆ ತಿರುಗಿಸಲು ಹೋದರೆ ನಮ್ಮ ಕಡೆ ಬೈಗುಳಕ್ಕೆ ಹೋಗಿ ತಾಗುತ್ತದೆ. ಇನ್ನು 'ಗಾರ್ತಿ' ಎಂಬ ಬಾಲ. ಹಾಡುಗಾರ್ತಿಗೆ ಸರಿ, ಆದರೆ ಅದೇ ಬಾಲ ಮೋಸಗಾರ್ತಿಗೂ ಜಗಳಗಾರ್ತಿಗೂ ಉಂಟು. ಆದರೂ ಧೈರ್ಯ ಮಾಡಿ, ಅತ್ತೆಯನ್ನು ಕೇಳದೆ, 'ಹರಿಹರದ ನುರಿತ ಕಲೆಗಾರ್ತಿಯರು!' ಎಂದು ಗಡಸು ದನಿಯಲ್ಲಿ ರೆಕಾರ್ಡ್ ಮಾಡಿ ಆಟೋ ಬಿಟ್ಟೆ.

ಆಟೋದ ಮೈಕು ಅರ್ಧ ನುಂಗಿ ಅರ್ಧ ಉಗುಳುತ್ತಿತ್ತು. ಮೊದಲ ಗಿರಾಕಿ ಅರಿಶಿನ ಮೆತ್ತಿದ ಬಿಳಿ ಅಂಗಿ ಹಿಡಿದು ಬಂದ. "ಕಲೆ ತೆಗೆಯೋರು ನೀವೇ ಏನ್ರಿ?"

ಅತ್ತೆ ಅಂಗಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟರು. ನನಗೆ ನಿಜಕ್ಕೂ ಹೆದರಿಕೆಯಾಯಿತು.

"ಗ್ವಾಡಿ ಕಟ್ಟೋನಿಗೆ ಏನಂತೀರಿ?" ಎಂದು ಗಿರಾಕಿಯನ್ನೇ ಕೇಳಿದರು.

"ಮೇಸ್ತ್ರಿ."

"ನಾವೂ ಮೇಸ್ತ್ರಿನೇ. ಕೌದಿ ಮೇಸ್ತ್ರಿ."

"ಅತ್ತೆ, ಅದಕ್ಕೆ ಸ್ತ್ರೀಲಿಂಗ ಇಲ್ಲ."

"ಮೇ-ಸ್ತ್ರಿ ಅಂತ ಒಳಗೇ ಕುಂತಾಳಲ್ಲೋ, ಕಾಣಂಗಿಲ್ಲೇನು?"

ವ್ಯಾಕರಣ ನನಗೂ ಅಷ್ಟಕ್ಕಷ್ಟೇ, ಸುಮ್ಮನೆ ಒಪ್ಪಿಕೊಂಡೆ. 'ಹರಿಹರದ ಕೌದಿ ಮೇಸ್ತ್ರಿಗಳು!' ಎಂದು ಹೊಸದಾಗಿ ಕೂಗಿಸಿದ ಮೇಲೆ ಸಂಜೆಗೆ ಒಬ್ಬ ಹೆಂಗಸು ಬಂದರು. ಕೌದಿಯ ಅಂಚಿನ ಮೇಲೆ ಬೆರಳಾಡಿಸಿ, "ಮೇಸ್ತ್ರಿಯವ್ರೇ, ಈ ಮೂಲಿ ಹೆಂಗೆ ತಿರುಗ್ಸಿದ್ರಿ? ಭಾಳ ಚೆಂದ ಬಂದೈತೆ" ಎಂದರು. ಅತ್ತೆಯ ಬೆನ್ನು ನೆಟ್ಟಗಾಯಿತು. ಲೊಚಗುಟ್ಟುವಿಕೆ ಇಲ್ಲ, 'ಅಯ್ಯೋ ಪಾಪ' ಇಲ್ಲ. ಸೂಜಿ ಮತ್ತೆ ಬೆರಳಿಗೆ ಬಂತು.

ಕೌದಿ ಮಡಿಸಿಕೊಳ್ಳುತ್ತಾ ಆಕೆ ನನ್ನ ಕಡೆ ಕೈ ತೋರಿಸಿ, "ಈ ಹುಡುಗ ಯಾರ್ರಿ?" ಎಂದರು.

ಅತ್ತೆ ಹೆಮ್ಮೆಯಿಂದಲೇ ಹೇಳಿದರು: "ನಮ್ಮಣ್ಣನ ಮಗ ರೀ. ನಕಲಿ."

ಊರವರ ನಕಲು ಮಾಡುವವನು ಎಂದು ಅವರ ಅರ್ಥ. ಆಕೆ ಗಾಬರಿಯಿಂದ ಕೌದಿಯನ್ನು ಬಿಚ್ಚಿ, ಹೊಲಿಗೆಯನ್ನು ಮತ್ತೆ ಜಗ್ಗಿ ನೋಡಿದರು.

"ಕೌದಿ ಅಸಲಿ ಐತ್ರಿ" ಎಂದು ಅತ್ತೆ ಸಮಾಧಾನ ಮಾಡಿದರು. "ಇವನೊಬ್ನೇ ಹಂಗೆ."