ನೀರು ತಾಗಬಾರದ ದೋಣಿಗಳು

ಹೊಳೆ ದಾಟೋಕೆ ದೋಣಿ ಬೇಕು. ಈ ಸಂಗತಿಯನ್ನ ನಮ್ಮ ದೋಣಿ ಕಚೇರಿ ದೀರ್ಘವಾಗಿ ಚರ್ಚೆ ಮಾಡಿ, ಸರ್ವಾನುಮತದಿಂದ ಒಪ್ಕೊಂಡಿದೆ. ಆ ಸಭೇಲಿ ನಾನೂ ಇದ್ದೆ. ಬಾಗಿಲ ಹೊರಗೆ ನಿಂತಿದ್ದೆ ಅನ್ನೋದು ಬೇರೆ ಮಾತು.

ನಾನ್ಯಾರು ಅಂತ ಕೇಳೋರು ಈ ಊರಲ್ಲಿಲ್ಲ, ಹೊರಗಿನೋರಿಗೆ ಹೇಳ್ತೀನಿ. ಮೀಸೆ ಮೂಡೋಕೆ ಮುಂಚಿಂದ ದೋಣಿ ನಡೆಸಿದೋನು. ಈ ಹೊಳೆ ನನ್ನ ಕಂಡ್ರೆ ಸ್ವಲ್ಪ ಪಕ್ಕಕ್ಕೆ ಸರ್ಕೊಂಡೇ ಹರಿಯುತ್ತೆ. ಶಾಲೆಗೆ ಹೋಗ್ಲಿಲ್ಲ. ಶಾಲೆಗೆ ಹೋಗೋರನ್ನ ದಾಟಿಸ್ದೆ, ಅದು ಇನ್ನೂ ದೊಡ್ಡದು.

ಮಳೆಗಾಲದಲ್ಲಿ ಮಗಳ ಹೆರಿಗೆ ಅಂತ ಹೆಂಡತೀನ ಆಚೆ ದಡಕ್ಕೆ ಬಿಟ್ಟೆ. "ನಾಳೆ ಬರ್ತೀನಿ, ನಡಿ" ಅಂದು ವಾಪಸ್ ಬಂದ್ರೆ, ಈ ದಡದಲ್ಲಿ ಕಚೇರಿಯೋರು ಹಾರ ಹಿಡ್ಕೊಂಡು ನಿಂತಿದ್ರು. ನನಗೆ ಅಂದ್ಕೊಂಡು ತಲೆ ಬಗ್ಗಿಸ್ದೆ. ಹಾರ ದೋಣಿಗೆ. ಮರದ ದೋಣಿಗೆ ವಯಸ್ಸಾಯ್ತಂತೆ, ನಿವೃತ್ತಿ. ಇನ್ಮೇಲೆ ಅಲ್ಯೂಮಿನಿಯಂ ದೋಣಿ, ಹಿಂದೆ ಮೋಟರು.

ಮಗು ಹುಟ್ತು. ಹೆಂಡತಿ ಆಚೆ ದಡಕ್ಕೆ ಬಂದು ನಿಂತು ಕೂಗಿದ್ಲು: "ಹೆಣ್ಣು ಕಣ್ರೀ! ಮೂಗು ನಿಮ್ಮದೇ!"

"ಅಯ್ಯೋ ಪಾಪ" ಅಂದ ಪಕ್ಕದಲ್ಲಿದ್ದ ಕಚೇರಿ ಗುಮಾಸ್ತ, ನನ್ನ ಮೂಗು ನೋಡ್ತಾ.

"ಹೊಸ ದೋಣಿ ಬಂದ ಕೂಡ್ಲೇ ಬರ್ತೀನಿ ಕಣೇ!" ಅಂತ ಕೂಗ್ದೆ.

ದೋಣಿ ಬಂತು. ಒಂದಲ್ಲ, ಎರಡು. ಚಪ್ಪಟೆ ತಳದ್ದು ಅಧ್ಯಕ್ಷರ ಭಾವಮೈದ ಕಳಿಸಿದ್ದು, ಚೂಪು ತಳದ್ದು ಕಾರ್ಯದರ್ಶಿಗಳ ಷಡ್ಡಕ ಕಳಿಸಿದ್ದು. ಇಬ್ಬರಿಗೂ ದೋಣಿಯಲ್ಲಿ ಒಳ್ಳೇ ಅನುಭವ. ಒಬ್ಬ ಮೊದ್ಲು ಕಬ್ಬಿಣದ ಬೀರು ಮಾರ್ತಿದ್ದ, ಇನ್ನೊಬ್ಬ ಸ್ನಾನದ ತೊಟ್ಟಿ. ಎರಡನ್ನೂ ಪರೀಕ್ಷೆ ಮಾಡಿ ಒಂದನ್ನ ಆರಿಸ್ಬೇಕು, ಅದಕ್ಕೊಂದು ಸಮಿತಿ ಆಯ್ತು. ಗುಮಾಸ್ತ ಎದ್ದು ನಿಂತು ನಿಯಮ ಓದಿದ:

"ಮಾದರಿಗಾಗಿ ತರಿಸಲಾದ ಸರಕನ್ನು ಬಂದ ಸ್ಥಿತಿಯಲ್ಲಿಯೇ ಹಿಂತಿರುಗಿಸತಕ್ಕದ್ದು. ಆದ ಕಾರಣ, ಆಯ್ಕೆ ಅಂತಿಮವಾಗುವ ತನಕ ಸದರಿ ದೋಣಿಗಳಿಗೆ ನೀರು ತಾಗಿಸತಕ್ಕದ್ದಲ್ಲ."

ನಾನು ಬಾಯಿ ಬಿಟ್ಟೆ. "ಅಲ್ಲ ಸ್ವಾಮಿ, ನೀರಿಗಿಳಿಸ್ದೆ..." ಅನ್ನೋಷ್ಟರಲ್ಲಿ ಅಧ್ಯಕ್ಷರು ಒಂದು ಕುರ್ಚಿ ಎಳೆದು, "ಕೂತ್ಕೊಳ್ಳಿ ಯಜಮಾನ್ರೇ. ನೀವು ಈ ಸಮಿತಿಯ ತಜ್ಞರು. ನಿಯಮದ ಬಗ್ಗೆ ಏನಂತೀರಿ?" ಅಂದ್ರು.

ಮೆತ್ತೆ ಇರೋ ಕುರ್ಚಿ. ಕೂತೆ. ಕೂತ ಮೇಲೆ ನೋಡಿದ್ರೆ ನಿಯಮ ಸರಿಯಾಗೇ ಇತ್ತು. ಹಾಗೇ ಹೇಳ್ದೆ.

ಸಭಾಂಗಣದ ಮೇಜುಗಳನ್ನ ಹೊರಗೆ ಹಾಕಿ ಎರಡೂ ದೋಣಿಗಳನ್ನ ಒಳಗಿಟ್ರು. ಚಪ್ಪಟೆ ತಳದ್ದು ಹಸು ಮಲಗಿದ ಹಾಗೆ ಮಲಗ್ತು. ಕಾರ್ಯದರ್ಶಿಗಳು ಚೂಪು ತಳದ್ದಕ್ಕೆ ಕಾಲಿಟ್ರು, ಅದು ಅವರ ಸಮೇತ ಮಗುಚಿತು.

"ಸ್ಥಿರತೆ ಇಲ್ಲ, ಬರ್ಕೊಳ್ಳಿ" ಅಂದ್ರು ಅಧ್ಯಕ್ಷರು.

"ನೆಲದಲ್ಲಿ ಅಲೆ ಇದೆ, ಅದನ್ನೂ ಬರ್ಕೊಳ್ಳಿ" ಅಂದ್ರು ಕಾರ್ಯದರ್ಶಿಗಳು, ದೋಣಿ ಅಡಿಯಿಂದಲೇ.

ಎರಡನ್ನೂ ಬರ್ಕೊಂಡ್ರು. ಚೂಪಿನದ್ದಕ್ಕೆ ಎರಡೂ ಕಡೆ ಮರಳ ಮೂಟೆ ಕೊಟ್ರು.

ಆಮೇಲೆ ಮೋಟರಿನ ಪರೀಕ್ಷೆ. ನೀರಿಲ್ದೆ ಮೋಟರು ಓಡಿಸಿದ್ರೆ ಸುಟ್ಟು ಹೋಗುತ್ತೆ ಅಂತ ನಾನೇ ಹೇಳ್ದೆ. ತಜ್ಞ ಅಲ್ವಾ. "ಹಾಗಾದ್ರೆ ಸದ್ದು ಮಾತ್ರ ಸಾಕು" ಅಂತ ತೀರ್ಮಾನ ಆಯ್ತು. ಸದ್ದು ಮಾಡೋರು ಯಾರು? ಎಲ್ಲರೂ ನನ್ನ ಕಡೆ ನೋಡಿದ್ರು. ಚಪ್ಪಟೆ ದೋಣಿಗೆ ಡುರ್ರ್‌ರ್ ಅಂದೆ. ಚೂಪಿಗೆ ಟರ್ರ್‌ರ್ ಅಂದೆ. ಬಾಯಲ್ಲಿ ಅಂಥ ಇಂಜಿನ್ನು ಈ ಸುತ್ತಿನಲ್ಲಿ ಯಾರಿಗೂ ಬರಲ್ಲ, ಬೇಕಾದ್ರೆ ಯಾರನ್ನಾದ್ರೂ ಕೇಳಿ.

"ನಮ್ಮದಕ್ಕೆ ದನಿ ಇನ್ನೂ ಸ್ವಲ್ಪ ದಪ್ಪ ಇರ್ಲಿ" ಅಂದ್ರು ಅಧ್ಯಕ್ಷರು. ಆವತ್ತೇ ನನಗೆ ಚಾಲಕ ಅಂತ ಹುದ್ದೆ ಕೊಟ್ಟು ಟೋಪಿ ಹಾಕಿದ್ರು.

ಪರೀಕ್ಷೆ ನಡೆದ ದಿನಕ್ಕೆಲ್ಲ ಸಮಿತಿಯೋರಿಗೆ ಭತ್ಯೆ ಇತ್ತು. ಹಾಗಾಗಿ ಯಾರೂ ಆತುರಪಟ್ಟು ತಪ್ಪು ದೋಣಿ ಆರಿಸ್ಲಿಲ್ಲ.

ಅಷ್ಟರಲ್ಲಿ ದಾಟೋ ಜನ ಬಾಗಿಲಲ್ಲಿ ಗಲಾಟೆ ಮಾಡಿದ್ರು. ಕಾರ್ಯದರ್ಶಿಗಳು ಬುದ್ಧಿವಂತರು. ಬಾಗಿಲ ಕಡೆಯದು ಈ ದಡ, ಕಿಟಕಿ ಕಡೆಯದು ಆಚೆ ದಡ ಅಂತ ಪ್ರಕಟಣೆ ಹೊರಡಿಸಿದ್ರು. ಟಿಕೆಟ್ ತಗೊಂಡು ಬಾಗಿಲ ಕಡೆಯಿಂದ ಹತ್ತೋದು, ನಾನು ಡುರ್ರ್ ಅನ್ನೋದು, ಕಿಟಕಿ ಕಡೆ ಇಳಿಯೋದು.

ಮೊದಲನೇ ಪ್ರಯಾಣಿಕ ದರ್ಜಿ. ಇಳಿದು ಸುತ್ತ ನೋಡ್ದ. "ಸ್ವಾಮಿ, ನಾನು ಕಚೇರೀಲೇ ಇದೀನಲ್ಲ?"

"ಕಚೇರಿ ಆಚೆ ದಡದವರೆಗೂ ವಿಸ್ತಾರ ಆಗಿದೆ" ಅಂದ ಗುಮಾಸ್ತ.

ದರ್ಜಿ ಯೋಚನೆ ಮಾಡ್ದ. "ಹಾಗಾದ್ರೆ ಮನೆಗೆ ಹೋಗೋಕೆ ಇನ್ನೊಂದು ಟಿಕೆಟ್ ಬೇಕಾ?"

"ಈಜ್ತೀರಾ?"

"ಬರಲ್ಲ."

"ಹಾಗಾದ್ರೆ ಬೇಕು."

ತಗೊಂಡ. ಆಚೆ ಊರಿನ ಶಾಲೆ ಮೇಷ್ಟ್ರೂ ದಿನಾ ದಾಟಿ, ಕಿಟಕೀಲಿ ನಿಂತು ಹೊಳೆ ಆಚೆ ಇರೋ ಮಕ್ಕಳಿಗೆ ಮಗ್ಗಿ ಕೂಗಿ ಹೇಳ್ಕೊಡ್ತಿದ್ರು. ಮಕ್ಕಳೂ ಅಲ್ಲಿಂದಲೇ ತಪ್ಪಾಗಿ ಕೂಗ್ತಿದ್ವು. ಪಾಠ ನಿಲ್ಲಲಿಲ್ಲ.

ಅದೇ ಕಿಟಕೀಲಿ ನನ್ನ ಹೆಂಡತಿ ದನೀನೂ ಬರ್ತಿತ್ತು.

"ಏನ್ರೀ, ಮಗು ನಗೋಕೆ ಶುರು ಮಾಡಿದೆ! ಯಾವಾಗ ಬರ್ತೀರಾ?"

"ದಿನಾ ಬರ್ತಾ ಇದೀನಲ್ಲೇ! ಇಂಜಿನ್ ಕೇಳಿಸಲ್ವಾ?"

"ಕೇಳಿಸುತ್ತೆ, ಕಾಣಿಸಲ್ಲ!"

ಇನ್ನೊಂದು ಸಲ ಕೂಗಿದ್ಲು: "ಹಲ್ಲು ಬಂತು ಕಣ್ರೀ! ಕಚ್ಚೋಕೆ ತಾತ ಬೇಕಂತೆ!" ಆವತ್ತು ಇಂಜಿನ್ ದನಿ ಯಾಕೋ ಮಧ್ಯದಲ್ಲಿ ಒಡೀತು. "ಸೈಲೆನ್ಸರ್ ತೋರಿಸಿ ಯಜಮಾನ್ರೇ" ಅಂದ್ರು ಅಧ್ಯಕ್ಷರು.

ಬೇಸಿಗೆ ಬಂತು. ಹೊಳೆ ಇಳೀತಾ ಹೋಯ್ತು. ಕಲ್ಲು ಎದ್ವು. ನಾಯಿಗಳು ಹೊಟ್ಟೆ ಒದ್ದೆ ಆಗ್ದೆ ದಾಟ್ತಿದ್ವು. ಎಲ್ಲರಿಗೂ ಕಾಣ್ತಿತ್ತು, ನಡೆದೇ ದಾಟ್ಬಹುದು ಅಂತ ಯಾರೂ ಅನ್ಲಿಲ್ಲ. ನಾನೂ ಅನ್ಲಿಲ್ಲ. ನಾನು ಹೋಗ್ಬಹುದಿತ್ತು. ಆದ್ರೆ ದೋಣಿಯೋನು, ಅದೂ ಟೋಪಿ ಇರೋನು, ಜನ ನೋಡ್ತಿರೋ ಹಾಗೆ ಹೊಳೇಲಿ ನಡ್ಕೊಂಡು ಹೋಗೋದಾ?

ಒಂದಿನ ಬಾಗಿಲಲ್ಲಿ ಹೆಂಡತಿ ನಿಂತಿದ್ಲು. ಸೊಂಟದ ಮೇಲೆ ಮಗು. ಕಾಲಿಂದ ನೀರು ತೊಟ್ಟಿಕ್ತಿತ್ತು.

"ಅಮ್ಮಾ, ಅಮ್ಮಾ, ಒದ್ದೆ ಕಾಲು! ದೂರ ಇರಿ, ಮಾದರಿ ಸರಕು!" ಅಂತ ಗುಮಾಸ್ತ ಹಾರಿ ಬಂದ.

"ಎಲ್ಲಿಂದ ಬಂದ್ರಿ?" ಅಂದ್ರು ಅಧ್ಯಕ್ಷರು.

"ಆಚೆ ದಡದಿಂದ."

"ಯಾವುದ್ರಲ್ಲಿ?"

"ಇದ್ರಲ್ಲಿ" ಅಂತ ಕಾಲು ತೋರಿಸಿದ್ಲು. "ಮೊಣಕಾಲು ಮುಟ್ಟಲ್ಲ ನೀರು."

ಸಭೆ ಗಂಭೀರ ಆಯ್ತು. ಸಮಿತಿ ಮೂಲೆಗೆ ಹೋಗಿ ಪಿಸುಗುಟ್ಟಿ ಬಂತು. ಗುಮಾಸ್ತ ಓದಿದ:

"ಎರಡೂ ದೋಣಿಗಳು ಸಕಲ ಪರೀಕ್ಷೆಗಳಲ್ಲಿ ತೇರ್ಗಡೆಯಾಗಿರುತ್ತವೆ. ಹೊಳೆಯು ಮಾತ್ರ ಅನುತ್ತೀರ್ಣವಾಗಿರುತ್ತದೆ. ಆದ ಕಾರಣ ಎರಡೂ ದೋಣಿಗಳನ್ನು ಕೊಳ್ಳತಕ್ಕದ್ದು. ಇವುಗಳಿಗೆ ತಕ್ಕ ಹೊಳೆಯನ್ನು ಆರಿಸಲು ಇದೇ ಸಮಿತಿಯು ಮುಂದುವರಿಯತಕ್ಕದ್ದು. ಹೊಳೆ ಆಯ್ಕೆಯಾಗುವ ತನಕ ನೀರಿನ ನಿಯಮವು ಜಾರಿಯಲ್ಲಿರತಕ್ಕದ್ದು."

ಭಾವಮೈದ ಷಡ್ಡಕನ್ನ ತಬ್ಕೊಂಡ. ಉಳಿದಿದ್ದು ನನ್ನ ಹೆಂಡತಿ ವಿಷಯ. ದೋಣಿ ಹತ್ತಿಲ್ಲ, ಅಂದ್ಮೇಲೆ ಅವಳು ಇನ್ನೂ ಆಚೆ ದಡದಲ್ಲೇ ಇದಾಳೆ. ಇರೋ ಕಡೆಯಿಂದ ದೋಣಿ ಹತ್ತಿ ಸರಿಯಾಗಿ ಬರ್ಬೇಕು. ಕಾಲು ಒರೆಸ್ಕೊಳ್ಳೋಕೆ ಅಧ್ಯಕ್ಷರು ತಮ್ಮ ಟವೆಲ್ಲೇ ಕೊಟ್ರು. ದೊಡ್ಡ ಮನಸ್ಸು.

ಅವಳು ಕಿಟಕಿ ಕಡೆಯಿಂದ ಹತ್ತಿ ಕೂತ್ಲು. "ಏನ್ರೀ ಅದು ತಲೆ ಮೇಲೆ?"

"ಟೋಪಿ."

"ಕಿವಿ ಮುಚ್ಚುತ್ತೆ" ಅಂದ್ಲು. ಮಗೂನ ನನ್ನ ತೊಡೆ ಮೇಲೆ ಕೂರಿಸಿದ್ಲು.

ಮೋಟರಿನ ಹಗ್ಗ ಎಳೆದ ಹಾಗೆ ಮಾಡಿ ಡುರ್ರ್‌ರ್ ಅಂದೆ. ಮಗು ನನ್ನ ಬಾಯೇ ನೋಡ್ತು. ಮೂಗು ನನ್ನದೇ. ಆಮೇಲೆ ಪುಟ್ಟ ಕೈ ತಂದು ಸೀದಾ ಬಾಯೊಳಗೆ ಇಟ್ಟುಬಿಡ್ತು. ಇಂಜಿನ್ ನಿಂತ್ಹೋಯ್ತು, ಅದೂ ನಡುಹೊಳೇಲಿ. ಬೇರೆ ದೋಣಿಯೋರಾಗಿದ್ರೆ ಗಾಬರಿ ಬೀಳ್ತಿದ್ರು. ನಾನು ಆ ಕೈ ಬಾಯಲ್ಲಿಟ್ಕೊಂಡೇ ಕೂತಿದ್ದೆ, ಬಹಳ ಹೊತ್ತು. ಸಮಿತಿಯೋರೂ ದಡದಲ್ಲಿ ಕಾದ್ರು, ಯಾರೂ ಅವಸರ ಮಾಡ್ಲಿಲ್ಲ.

ಸಂಜೆ ಅವಳು ಹೊರಟು ನಿಂತ್ಲು. "ನೀವೂ ಬನ್ನಿ. ಮಗಳು ಕಾಯ್ತಿದಾಳೆ."

"ಡ್ಯೂಟಿ ಇದೆ ಕಣೇ. ನಾನು ಬಿಟ್ಟು ಬಂದ್ರೆ ದೋಣಿ ಓಡಿಸೋರ್ಯಾರು?"

ಅವಳು ನನ್ನನ್ನ ನೋಡಿದ್ಲು, ಟೋಪಿ ನೋಡಿದ್ಲು. ಒಂದು ಟಿಕೆಟ್ ತಗೊಂಡ್ಲು. "ಹಾಗಾದ್ರೆ ನಮ್ಮನ್ನ ಆಚೆಗೆ ಬಿಡಿ" ಅಂದು, ಮಗೂನ ಎತ್ಕೊಂಡು ಹೊಳೆಗಿಳಿದ್ಲು.

ನಾನು ದೋಣೀಲಿ ಕೂತು ಇಂಜಿನ್ ಶುರು ಮಾಡ್ದೆ. ಕಿಟಕೀಲಿ ಕಾಣ್ತಿತ್ತು. ಪಾಚಿ ಕಲ್ಲಿನ ಹತ್ರ ಮೆಲ್ಲಗೆ ಮಾಡ್ದೆ, ಅವಳೂ ಮೆಲ್ಲಗಾದ್ಲು. ಮರಳು ಸಿಕ್ಕ ಕಡೆ ಜೋರು ಮಾಡ್ದೆ. ಕೆನ್ನೆ ನೋಯ್ತಿತ್ತು. ಕೊನೆಗೆ ಆಚೆಯಿಂದ ಕೂಗು ಬಂತು:

"ಮುಟ್ಟಿದ್ವಿ ಕಣ್ರೀ, ನಿಲ್ಸಿ!"

ನಿಲ್ಲಿಸ್ದೆ.

ಆವತ್ತಿಂದ ಅದೇ ವ್ಯವಸ್ಥೆ. ಜನ ಟಿಕೆಟ್ ತಗೊಂಡು ಹೊಳೇಲಿ ನಡೀತಾರೆ, ನಾನು ಇಲ್ಲಿ ಕೂತು ದಾಟಿಸ್ತೀನಿ. ಮುಟ್ಟಿದ ಮೇಲೆ ಎಲ್ಲರೂ ತಪ್ಪದೆ ಕೂಗ್ತಾರೆ, ನಿಲ್ಲಿಸ್ತೀನಿ. ಈಗ ಮಗೂನೂ ಕೂಗೋಕೆ ಕಲ್ತಿದೆ. ನನ್ನ ಕೈಯಲ್ಲಿ ಇದುವರೆಗೂ ಒಬ್ಬರೂ ಮುಳುಗಿಲ್ಲ. ದೋಣಿಗಳನ್ನ ಬೇಕಾದ್ರೆ ಬಂದು ಮುಟ್ಟಿ ನೋಡಿ, ಒಂದು ಹನಿ ನೀರು ತಾಗಿಲ್ಲ. ಕೈ ಮಾತ್ರ ಒರೆಸ್ಕೊಂಡು ಬನ್ನಿ.