ಯುವ ಘಟಕದ ಅಜ್ಜನವರಿಗೆ, ಅವರ ಕೂದಲಿಗೆ ಬಣ್ಣ ಹಚ್ಚುವವನ ಅರಿಕೆ

ಪರಮ ಮಾನ್ಯರೇ,

ಬಡಾವಣೆಯ ಯುವಜನರ ಆಶಾಕಿರಣವೂ, ನಾಲ್ಕು ಮೊಮ್ಮಕ್ಕಳ ಅಜ್ಜನೂ, ನನಗೆ ಮೀಸೆ ಮೂಡುವ ಮುಂಚಿನಿಂದಲೂ ಪಕ್ಷದ ಯುವ ಘಟಕದ ಅಧ್ಯಕ್ಷರೂ ಆಗಿರುವ ತಮ್ಮ ಪಾದಗಳಿಗೆ, ಅಲ್ಲಲ್ಲ, ನನ್ನ ವ್ಯವಹಾರವೆಲ್ಲ ತಲೆಯ ಜೊತೆಗೇ ಆದ್ದರಿಂದ ತಮ್ಮ ಶಿರಸ್ಸಿಗೇ ನೇರವಾಗಿ ನಮಸ್ಕಾರಗಳು. ತಿಂಗಳಿಗೆರಡು ಬಾರಿ ನನ್ನ ಅಂಗಡಿಯ ಕುರ್ಚಿಯಲ್ಲಿ ಅಜ್ಜನಾಗಿ ಕುಳಿತು ಯುವಕರಾಗಿ ಎದ್ದು ಹೋಗುವ ತಮ್ಮ ಯೌವನದ ಬಗ್ಗೆ ಬರೆಯಲು ನನಗಿಂತ ಅರ್ಹರು ಯಾರಿದ್ದಾರೆ ಹೇಳಿ.

ಯುವಜನರನ್ನು ರಾಜಕೀಯಕ್ಕೆ ಸೆಳೆಯಲು ತಾವು ಕಳೆದ ತಿಂಗಳು ನಡೆಸಿದ ಸಮಾವೇಶಕ್ಕೆ, ಅವರೆಲ್ಲ ಕಾಲೇಜಿನಲ್ಲೋ ಕೆಲಸದಲ್ಲೋ ಇರುವ ಮಂಗಳವಾರ ಮಧ್ಯಾಹ್ನವನ್ನೇ ಆರಿಸಿದ ತಮ್ಮ ದೂರದೃಷ್ಟಿಯನ್ನು ಎಷ್ಟು ಹೊಗಳಿದರೂ ಸಾಲದು. ವೇದಿಕೆಯ ಮೇಲಿನ ಯುವ ನಾಯಕರಲ್ಲಿ ಅತಿ ಕಿರಿಯರಾದವರು ಮೊಣಕಾಲು ನೋವಿನಿಂದ ಇಬ್ಬರ ಹೆಗಲು ಹಿಡಿದು ಮೆಟ್ಟಿಲು ಹತ್ತಿದರು. ತಪ್ಪಿ ಬಂದಿದ್ದ ನಾಲ್ಕಾರು ನಿಜವಾದ ಯುವಕರಿಗೂ ತಾವು ಅನ್ಯಾಯ ಮಾಡಲಿಲ್ಲ. ಹುಡುಗರಿಗೆ ಕುರ್ಚಿ ಹಾಕುವ, ಹುಡುಗಿಯರಿಗೆ ಹೂಗುಚ್ಛ ಕೊಡುವ ಹೊಣೆ ವಹಿಸಿದಿರಿ.

ನನ್ನ ಮಗಳೊಬ್ಬಳು ಅಧಿಕಪ್ರಸಂಗಿ. ಕೆಲಸಕ್ಕೆ ರಜೆ ಹಾಕಿ ಬಂದವಳು ಹೂಗುಚ್ಛ ಕೊಟ್ಟ ಕೈಯಲ್ಲೇ ಮೈಕು ಹಿಡಿದು, “ಸರ್, ನಮ್ಮ ವಾಚನಾಲಯದ ಬೀಗ ಯಾವಾಗ ತೆಗೀತೀರಿ?” ಎಂದುಬಿಟ್ಟಳು. ಯುವಜನರು ಕೂತು ಓದುತ್ತಿದ್ದ ಆ ಒಂದೇ ಕೋಣೆಯಲ್ಲಿ, ಯುವ ಸಮಾವೇಶಗಳ ಪ್ಲಾಸ್ಟಿಕ್ ಕುರ್ಚಿಗಳನ್ನು ವರ್ಷವಿಡೀ ಸೂರು ಮುಟ್ಟುವಷ್ಟು ಪೇರಿಸಿ ತಾವು ಬೀಗ ಜಡಿಸಿರುವುದು ಲೋಕಕ್ಕೇ ಗೊತ್ತು. ಮೈಕು ಅಲ್ಲಿಗೇ ಸತ್ತುಹೋಯಿತು. “ಕೂತ್ಕೊಳ್ಳಮ್ಮ, ದೊಡ್ಡೋರು ಮಾತಾಡ್ತಿದಾರೆ” ಎಂದು ಯುವ ನಾಯಕರೊಬ್ಬರು ಅವಳ ಕೈಯಿಂದ ಕಿತ್ತುಕೊಂಡು ತಮಗೆ ಕೊಟ್ಟ ಕೂಡಲೇ ಅದಕ್ಕೆ ಜೀವ ಬಂದದ್ದೂ, “ಈಗಿನ ಮಕ್ಕಳಿಗೆ ರಾಜಕೀಯ ಅಂದ್ರೆ ಆಸಕ್ತಿನೇ ಇಲ್ಲ” ಎಂದು ತಾವು ಮುಕ್ಕಾಲು ಗಂಟೆ ಮರುಗಿದ್ದೂ ಈಗ ಇತಿಹಾಸ.

ಅವಳೀಗ ನನ್ನ ಅಂಗಡಿಯ ಮೂಲೆಯಲ್ಲಿ, ಪುಟಗಳ ಮೇಲೆ ಬೀಳುವ ಗಿರಾಕಿಗಳ ಕೂದಲನ್ನು ಉಫ್ ಎಂದು ಊದಿಕೊಳ್ಳುತ್ತಾ ಪರೀಕ್ಷೆಗೆ ಓದುತ್ತಾಳೆ. ನೋಡಿದಾಗಲೆಲ್ಲ ಕತ್ತರಿ ಕೆಳಗಿಟ್ಟು ಅವಳ ಪುಟ ಒರೆಸಿಕೊಡುತ್ತೇನೆ, ಮಾನ್ಯರೇ.

ಆದ್ದರಿಂದ ನನ್ನ ವಿನಮ್ರ ಸಲಹೆಯೇನೆಂದರೆ, ಅರವತ್ತು ತುಂಬದವರನ್ನು ಯುವಕರೆಂದು ಕರೆಯಕೂಡದೆಂದು ಕಾನೂನು ತಂದು, ಇನ್ನು ಮುಂದೆ ಹುಟ್ಟುವ ಮಕ್ಕಳು ಮೊಣಕಾಲು ನೋವು, ಬಿಳಿ ಕೂದಲುಗಳ ಸಮೇತವೇ ಹುಟ್ಟತಕ್ಕದ್ದೆಂದು ಆದೇಶ ಹೊರಡಿಸಿದರೆ ಯುವಜನರ ನಿರಾಸಕ್ತಿ ತಾನಾಗಿಯೇ ತೊಲಗೀತು. ಅಷ್ಟು ದೊಡ್ಡ ಸುಧಾರಣೆ ಕಷ್ಟವೆನಿಸಿದರೆ ಆ ಬೀಗದ ಕೈಯನ್ನಾದರೂ ಕಳಿಸಿಕೊಡಿ.

ತಮ್ಮ ಪ್ರೋತ್ಸಾಹ ವ್ಯರ್ಥವಾಗಲಿಲ್ಲವೆಂದು ತಿಳಿಸಲು ಹೆಮ್ಮೆಯಾಗುತ್ತದೆ. ಬೀಗದ ಕೈ ಕೇಳಿ ಕೇಳಿ ಸಾಕಾದ ನನ್ನ ಮಗಳು, ಬಡಾವಣೆಯ ಚುನಾವಣೆಯಲ್ಲಿ ತಮ್ಮ ವಿರುದ್ಧವೇ ಪಕ್ಷೇತರಳಾಗಿ ನಿಂತಿದ್ದಾಳೆ. ಅಂದು ತಮಗೆ ಕುರ್ಚಿ ಹಾಕಿದ ಹುಡುಗರೆಲ್ಲ ಈಗ ಅವಳ ಹಿಂದೆ ಮನೆ ಮನೆ ಸುತ್ತುತ್ತಿದ್ದಾರೆ.

ಇಂತಿ,
ತಮ್ಮ ತಲೆಯ ಒಳಹೊರಗನ್ನು ಬಲ್ಲ, ತಮ್ಮ ವಿಶ್ವಾಸಿ,
ಬಡಾವಣೆಯ ಕ್ಷೌರಿಕ

ತಾ.ಕ.: ಮಗಳ ಪ್ರಚಾರಕ್ಕೆ ನಾನೂ ಓಡಾಡಬೇಕಾಗಿರುವುದರಿಂದ ನಾಳೆಯಿಂದ ಮತದಾನ ಮುಗಿಯುವವರೆಗೆ ಅಂಗಡಿಗೆ ಬೀಗ; ಬೀಗ ಹಾಕುವ ವಿದ್ಯೆ ತಮ್ಮಿಂದಲೇ ಕಲಿತದ್ದು. ಅಷ್ಟರೊಳಗೆ ತಮ್ಮ ಕೂದಲಿನ ಬುಡವೆಲ್ಲ ಬೆಳ್ಳಗಾಗಿರುತ್ತದೆ, ಚಿಂತಿಸಬೇಡಿ. ಮತಗಟ್ಟೆಯಲ್ಲಿ ಹಿರಿಯ ನಾಗರಿಕರು ಸಾಲಿನಲ್ಲಿ ನಿಲ್ಲಬೇಕಾಗಿಲ್ಲವಂತೆ.