ಕುಕ್ಕರು ಮತ್ತು ಐದನೆಯ ಜಮಾತು

ಶಾಲೆಯಲ್ಲಿ ಇಪ್ಪತ್ತು ವರ್ಷ ದುಡಿದವರಿಗೆ ಕಲಿಸಿದ ಪಾಠ ಒಂದೂ ನೆನಪಿರುವುದಿಲ್ಲ. ಪಾಠ ನಿಂತುಹೋದ ದಿನಗಳು ಮಾತ್ರ ಚೆನ್ನಾಗಿ ನೆನಪಿರುತ್ತವೆ. ನನ್ನ ಪಾಲಿಗೆ ಅಂಥ ದಿನಗಳು ಒಂದಲ್ಲ ಒಂದು ನೆವದಿಂದ ಬರುತ್ತಲೇ ಇದ್ದವು. ಕೊಪ್ಪಳದಲ್ಲಿದ್ದಾಗ ಬಂದವುಗಳಿಗೆಲ್ಲ ಒಂದೇ ನೆವ. ಅದು ನನ್ನ ಊಟ.

ನಾನು ಗದಗಿನ ಕಡೆಯವಳು. ನಮ್ಮದು ಕ್ರೈಸ್ತ ಮನೆತನ. ಭಾನುವಾರ ಪ್ರಾರ್ಥನೆ ಮುಗಿಸಿ ಬಂದರೆ ದನದ ಮಾಂಸ, ಆಲೂಗಡ್ಡೆಯ ಊಟ ತಯಾರಿರುವುದು ಚಿಕ್ಕಂದಿನಿಂದ ರೂಢಿ. ಮದುವೆ ಬೇಡವೆಂದು ಬಿ.ಎ. ಮಾಡಿದೆನೆಂದು ನಾನು ಹೇಳುತ್ತೇನೆ, ಬಿ.ಎ. ಮಾಡಿದ್ದಕ್ಕೇ ಮದುವೆ ಆಗಲಿಲ್ಲವೆಂದು ನಮ್ಮ ಸೋದರತ್ತೆ ಹೇಳುತ್ತಾಳೆ. ಯಾವುದಾದರೂ ಇರಲಿ, ನಿಜಾಮರ ಸೀಮೆಯ ಕೊಪ್ಪಳಕ್ಕೆ ಹೆಣ್ಣುಮಕ್ಕಳ ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ಬಂದೆ. ಕೋಟೆಯ ಕೆಳಗೆ ಒಂದು ಹಳೆಯ ಮನೆ. ಮುಂದಿನ ಪಡಸಾಲೆ ಶಾಲೆ, ಹಿಂದಿನ ಕೋಣೆ ನನ್ನ ಸಂಸಾರ. ಶಾಲೆಯ ಸಿಬ್ಬಂದಿ ಮೂವರು: ನಾನು, ಕನಕಗಿರಿಯಿಂದ ಬಂದ ಸಹಾಯಕ ಶಿಕ್ಷಕಿ, ಮತ್ತು ಇಟಗಿಯ ಆಯಾ. ಶಿಕ್ಷಕಿ ಮಾಂಸದ ಹೆಸರು ಕೇಳಿದರೆ ಸೊಂಟದಲ್ಲಿ ಸಿಕ್ಕಿಸಿಕೊಂಡ ನಿಂಬೆಹಣ್ಣು ಮೂಸುವಾಕೆ. ಆಯಾ ವಿಧವೆ, ನನಗಿಂತ ಹತ್ತು ವರ್ಷ ದೊಡ್ಡವಳು, ನನಗಿಂತ ಹತ್ತು ಪಟ್ಟು ಗಟ್ಟಿ.

ಶಾಲೆ ಇದ್ದದ್ದು ನಾಲ್ಕನೆಯ ಜಮಾತಿನವರೆಗೆ. ಆ ಸೀಮೆಯಲ್ಲಿ ತರಗತಿಗೆ ಜಮಾತು ಅನ್ನುತ್ತಾರೆ. ನಾಲ್ಕು ಮುಗಿಸಿದ ಹುಡುಗಿಯರು ಏಳು ಮಂದಿ ಇದ್ದರು. ಐದನೆಯದು ಮಂಜೂರಾದರೆ ಓದುತ್ತಾರೆ, ಆಗದಿದ್ದರೆ ಮನೆಯಲ್ಲಿ ಕೂಡುತ್ತಾರೆ, ಕೂತವರನ್ನು ಯಾರಾದರೂ ಬಂದು ನೋಡಿಕೊಂಡು ಹೋಗುತ್ತಾರೆ. ಎರಡು ವರ್ಷದಿಂದ ಅರ್ಜಿ ಬರೆಯುತ್ತಿದ್ದೆ. ಏಳು ಮಂದಿಯನ್ನೂ ಏನೋ ಒಂದು ಹೇಳಿ ನಾಲ್ಕರಲ್ಲೇ ಹಿಡಿದಿಟ್ಟುಕೊಂಡಿದ್ದೆ.

ಆ ಹೊತ್ತಿಗೆ ಮುಂಬಯಿಯಲ್ಲಿದ್ದ ನನ್ನ ತಮ್ಮ ಒಂದು ಕುಕ್ಕರು ಕಳಿಸಿದ. ಉದ್ದನೆಯ ಪೀಪಾಯಿ, ಅದರೊಳಗೆ ಒಂದರ ಮೇಲೊಂದು ಹಿತ್ತಾಳೆಯ ಡಬ್ಬಿಗಳು, ತಳದಲ್ಲಿ ಇದ್ದಿಲು ಹಾಕುವ ತಟ್ಟೆ. ಕೆಳಗಿನ ಡಬ್ಬಿಗೆ ಮಾಂಸ, ಆಲೂಗಡ್ಡೆ, ಮೇಲಿನದಕ್ಕೆ ಅಕ್ಕಿ. ಮುಚ್ಚಳ ಬಿಗಿದು ಶಾಲೆಗೆ ಹೋದರೆ, ಶಾಲೆ ಬಿಡುವ ಹೊತ್ತಿಗೆ ಊಟ ತಯಾರು. ಹೀಗೆಂದು ಅದರ ಜೊತೆ ಬಂದ ಕಾಗದದಲ್ಲಿ ಬರೆದಿತ್ತು. ಬರೆದವರು ಕೊಪ್ಪಳಕ್ಕೆ ಬಂದವರಲ್ಲ.

೧. ಕಾವಲು

ನಮ್ಮ ಹುಡುಗಿಯರು ಒಬ್ಬೊಬ್ಬರೇ ಓಣಿ ದಾಟುವವರಲ್ಲ. ಬೆಳಿಗ್ಗೆ ಆಯಾ ಮನೆಮನೆಗೆ ಹೋಗಿ ಕೂಗಿ, ಎಲ್ಲರನ್ನೂ ಸಾಲಾಗಿ ಕರೆತರಬೇಕು. ಕುಕ್ಕರು ಹೊತ್ತಿಸಿದ ಮೊದಲ ದಿನ ಆಕೆಯನ್ನು ಕರೆದು, ಮುಚ್ಚಳ ಮುಟ್ಟಬೇಡ, ಐದು ತಾಸು ಅದರ ಪಾಡಿಗೆ ಅದು ಬೇಯುತ್ತದೆ ಎಂದು ತಿಳಿಹೇಳಿ ಪಡಸಾಲೆಗೆ ಹೋದೆ.

ಹತ್ತು ಹೊಡೆಯಿತು, ಹುಡುಗಿಯರಿಲ್ಲ. ಹನ್ನೊಂದಾಯಿತು, ಇಲ್ಲ. ನಾನೂ ಶಿಕ್ಷಕಿಯೂ ಹಾಜರಿ ಪುಸ್ತಕ ನಡುವೆ ಇಟ್ಟುಕೊಂಡು ಮುಖ ಮುಖ ನೋಡುತ್ತ ಕೂತೆವು. ಊರಲ್ಲಿ ಪ್ಲೇಗು ಗೀಗು ಬಂತೇನೋ ಎಂದು ಆಕೆಗೆ ಅನುಮಾನ. ಕಡೆಗೆ ನಾನು ಹಿಂದಿನ ಕೋಣೆಗೆ ಹೋಗಿ ನೋಡಿದರೆ ಆಯಾ ಕುಕ್ಕರಿನ ಮುಂದೆ ಮೊಣಕಾಲು ಕಟ್ಟಿಕೊಂಡು ಕೂತಿದ್ದಾಳೆ.

ಇದರ ಹತ್ತಿರ ಯಾರೂ ಕೂಡಬೇಕಾಗಿಲ್ಲ ಎಂದು ಹೇಳಿದ್ದೆನಲ್ಲ ಎಂದೆ.

"ಬೆಂಕಿ ಹಚ್ಚಿ ಮಂದಿ ಎದ್ದ ಹೋಗೂದು ನಾ ಒಂದ ಕಡಿ ಅಷ್ಟ ನೋಡೀನ್ರಿ ಅಕ್ಕಾರ," ಎಂದಳು. "ಸುಡಗಾಡದಾಗ."

ಅದಿರಲಿ, ಹುಡುಗಿಯರೆಲ್ಲಿ ಎಂದು ಕೇಳಿದೆ.

"ಅವರವರ ಮನ್ಯಾಗ ಅದಾರ್ರಿ. ಅವರಿಗೆ ಅವ್ವಂದಿರ ಅದಾರ. ಇದಕ್ಕ ಯಾರ ಅದಾರ?"

೨. ಗಂಟೆ

ಶಾಲೆಗೆ ಇದ್ದದ್ದು ಒಂದೇ ಗಡಿಯಾರ. ಅದು ನಿಂತಿತು. ರಿಪೇರಿಗೆಂದು ಹೊಸಪೇಟೆಗೆ ಕಳಿಸಿದೆವು, ಅದು ಅಲ್ಲಿಯೇ ಉಳಿಯಿತು. ಅಂದಿನಿಂದ ಗಂಟೆಯ ಹೊಣೆಯನ್ನು ಆಯಾ ತಾನೇ ವಹಿಸಿಕೊಂಡಳು. ಅಂಗಳದಲ್ಲಿ ಬೇವಿನ ಮರವಿತ್ತು. ಅದರ ನೆರಳು ನೋಡಿ ಬಾರಿಸುತ್ತಾಳೆಂದು ನಾನು ತಿಳಿದಿದ್ದೆ. ಅಂದಾಜು ಸರಿಯಾಗಿಯೇ ಇರುತ್ತಿತ್ತು. ಮಧ್ಯಾಹ್ನದ ರೈಲುಗಾಡಿ ಸಿಳ್ಳೆ ಹಾಕುವುದಕ್ಕೂ ಆಕೆ ಗಂಟೆ ಬಾರಿಸುವುದಕ್ಕೂ ಬಹಳ ಅಂತರ ಇರುತ್ತಿರಲಿಲ್ಲ. ಎರಡರಲ್ಲಿ ಗಾಡಿಯೇ ಹೆಚ್ಚು ತಪ್ಪುತ್ತಿತ್ತು.

ಒಂದು ದಿನ ನಾನು ಭಾಗಾಕಾರ ಆರಂಭಿಸಿದ್ದೇನೆ, ನೆರಳು ಇನ್ನೂ ಮರದ ಬುಡ ಬಿಟ್ಟು ಒಂದು ಮಾರೂ ಸರಿದಿಲ್ಲ, ಢಣಢಣ ಶಾಲೆ ಬಿಟ್ಟ ಗಂಟೆ. ಹುಡುಗಿಯರು ಪಾಟಿ ಬಗಲಿಗೆ ಹಾಕಿ ಸಾಲು ನಿಂತೇಬಿಟ್ಟರು. ಹೊರಗೆ ಹೋಗಿ, ಇದೇನು ಇಷ್ಟು ಬೇಗ ಎಂದು ಕೇಳಿದೆ.

"ಇವತ್ತಿನದು ಎಳೇದಿತ್ರಿ," ಎಂದಳು ಆಯಾ. "ಲಗೂನ ಬೆಂತು."

ಅಂಗಳದ ಗಾಳಿ ಮೂಗಿಗೆ ಬಡಿದ ಮೇಲೆ ನನಗೆ ಅರ್ಥವಾಯಿತು. ಮಾಂಸ ಹಣ್ಣಾದಾಗ ಕುಕ್ಕರಿನ ವಾಸನೆ ಬದಲಾಗುತ್ತದೆ. ಆ ವಾಸನೆ ಅಂಗಳಕ್ಕೆ ಬಂತೆಂದರೆ ಆಯಾ ಗಂಟೆಗೆ ಕೈ ಹಾಕುತ್ತಾಳೆ. ಆರು ತಿಂಗಳಿಂದ ಸರಕಾರದ ಶಾಲೆಯೊಂದು ನನ್ನ ಊಟ ಬೆಂದಾಗ ಬಿಡುತ್ತಿತ್ತು.

ನೀನು ಆ ಮಾಂಸ ಮುಟ್ಟುವವಳೇ ಅಲ್ಲವಲ್ಲ ಎಂದೆ.

"ನಾ ಎಲ್ಲಿ ತಿಂದೀನ್ರಿ? ಮೂಗಿಗೆ ಏನ ಮಡಿ ಐತಿ?"

ಮತ್ತೆ ಬೇಳೆ ಬೇಯಿಸಿದ ದಿನ ಏನು ಮಾಡುತ್ತೀ ಎಂದು ಕೇಳಿದೆ.

"ಬ್ಯಾಳಿ ದಿನಾ ನೆರಳ ನೋಡತೀನ್ರಿ. ಬ್ಯಾಳಿ ನಂಬಾಕ ಬರಂಗಿಲ್ಲ."

೩. ತಾಯಿಯ ತಕರಾರು

ಹುಡುಗಿಯರಿಗೆ ಮನೆಗೆಲಸದ ಪಾಠವೆಂದು ವಾರಕ್ಕೊಂದು ತಾಸು ಇತ್ತು. ಒಂದು ವಾರ ನಾನು ಕುಕ್ಕರನ್ನೇ ಪಡಸಾಲೆಗೆ ತರಿಸಿ ವಿವರಿಸಿದೆ. ಬೆಂಕಿ ಸಣ್ಣಗಿರಬೇಕು, ಹಬೆ ಹೊರಗೆ ಹೋಗಬಾರದು, ಮತ್ತೆ ಮತ್ತೆ ತೆರೆದು ನೋಡುವವರ ಅಡಿಗೆ ಎಂದೂ ಆಗುವುದಿಲ್ಲ. ಏಳು ಮಂದಿಯಲ್ಲಿ ಎಲ್ಲರಿಗಿಂತ ಚುರುಕಾದವಳೊಬ್ಬಳು ಅದನ್ನು ಪಾಟಿಯ ಮೇಲೆ ಬರೆದುಕೊಂಡಳು.

ಮರುದಿನ ಅವಳ ತಾಯಿ ಬಂದಳು. ಕೈಯಲ್ಲಿ ತಳ ಕರಿದಾದ ಗಡಿಗೆ.

"ನೋಡ್ರಿ ಅಕ್ಕಾರ. ಒಲಿ ಮ್ಯಾಲ ನುಚ್ಚ ಇಟ್ಟ, ಮುಚ್ಚಳಾ ಮುಚ್ಚಿ, ಇಕಿ ಕುಂಟಾಬಿಲ್ಲಿ ಆಡಾಕ ಹೋಗ್ಯಾಳ. ನಾ ಹೊಲದಿಂದ ಬರೂದರಾಗ ಓಣಿ ತುಂಬ ಹೊಗಿ. ಕೇಳಿದ್ರ, ಅಡಿಗಿ ತಾನ ಆಗತೈತಿ ಅಂತ ಅಕ್ಕಾರ ಹೇಳ್ಯಾರ ಅಂತಾಳ."

ಅದು ಗಡಿಗೆಯಲ್ಲಲ್ಲ, ಕುಕ್ಕರಿನಲ್ಲಿ ಎಂದು ಸಮಾಧಾನ ಹೇಳಿ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಗಡಿಗೆ ಕೆಳಗಿಟ್ಟು ಅವಳು ಕುಕ್ಕರಿನ ಸುತ್ತ ಒಂದು ಸುತ್ತು ಬಂದಳು. ಊದಬೇಕಾಗಿಲ್ಲವೇ ಎಂದು ಕೇಳಿದಳು. ಇಲ್ಲ ಎಂದೆ. ಕೈಯಾಡಿಸಬೇಕಾಗಿಲ್ಲವೇ? ಇಲ್ಲ. ಮುಚ್ಚಳವನ್ನು ಬೆರಳಿನಿಂದ ತಟ್ಟಿ ನೋಡಿದಳು. ಬೈಯುವುದಕ್ಕೆ ಬಂದಿದ್ದೇನೆಂಬುದನ್ನೇ ಮರೆತಂತಿತ್ತು.

"ಅಡಿಗಿ ಒಂದ ಮಾಡತೈತೇನ್ರಿ," ಎಂದಳು ಕಡೆಗೆ, "ಇಲ್ಲಾ ಅತ್ತಿಗೆ ಮಾರುತ್ತರಾನೂ ಕೊಡತೈತಿ?"

ಹೊಸಿಲು ದಾಟುವಾಗ ಮಾತ್ರ ದನಿ ಇಳಿಸಿ ಇನ್ನೊಂದು ಮಾತು ಹೇಳಿ ಹೋದಳು. ಕುಷ್ಟಗಿಯಿಂದ ಒಂದು ಮನೆತನದವರು ಬಂದು ಹುಡುಗಿಯನ್ನು ನೋಡಿಕೊಂಡು ಹೋಗಿದ್ದಾರೆ. ಐದನೆಯ ಜಮಾತು ಆಗುವುದಾದರೆ ಗಂಡನ ಕೈಕಾಲು ಹಿಡಿದು ತಡೆಯುತ್ತಾಳೆ. ಆಗದಿದ್ದರೆ ತಡೆಯಲು ಅವಳ ಬಳಿ ಮಾತಿಲ್ಲ. ಅವಳು ಬಿಟ್ಟುಹೋದ ಗಡಿಗೆಯನ್ನು ಆಯಾ ಎರಡು ದಿನ ತಿಕ್ಕಿದಳು. ಕರೆ ಹೋಗಲಿಲ್ಲ.

೪. ತನಿಖೆ

ಆ ತಿಂಗಳೇ ಕಾಗದ ಬಂತು. ಶಾಲೆ ತನಿಖೆಗೆ ಇನ್‌ಸ್ಪೆಕ್ಟ್ರೆಸ್ ಬೇಗಂ ಸಾಹೇಬರು ಬರುತ್ತಾರೆ. ಐದನೆಯ ಜಮಾತಿನ ಮಾತು ಅವರು ನೋಡಿದ ಮೇಲೆ. ಬೆಳಿಗ್ಗೆ ಬಂದು, ಶಾಲೆ ಬಿಟ್ಟ ಮೇಲೆ ನಮ್ಮಲ್ಲೇ ಊಟ ಮಾಡಿ, ಸಂಜೆಯ ಗಾಡಿಗೆ ಹೊರಡುತ್ತಾರೆ. ತಾನೇ ಅಡಿಗೆ ಮಾಡುವ ಯಂತ್ರವೊಂದು ಕೊಪ್ಪಳದಲ್ಲಿದೆಯೆಂಬ ಸುದ್ದಿ ಅವರ ಕಿವಿಗೂ ಬಿದ್ದಿತ್ತಂತೆ.

ಅವರ ಒಂದು ಪಣ ಎಲ್ಲ ಶಾಲೆಗಳಿಗೂ ಗೊತ್ತಿತ್ತು. ಅಧಿಕಾರಿ ಬಂದ ದಿನ ಬೇಗ ಗಂಟೆ ಬಾರಿಸಿ ಸಾಗಹಾಕುವವರನ್ನು ಕಂಡು ಕಂಡು ಅವರಿಗೆ ಸಾಕಾಗಿತ್ತು. ಆದ್ದರಿಂದ ಕೊನೆಯ ಗಂಟೆಯಾಗುವ ತನಕ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ನಾನು ಕಸಾಯಿಯವನಿಗೆ ಹಿಂದಿನ ದಿನವೇ ಹೇಳಿಕಳಿಸಿದೆ: ದೊಡ್ಡವರು ಬರುತ್ತಾರೆ, ಒಳ್ಳೆಯದು ಕೊಡು. ಬೆಳಿಗ್ಗೆ ಅವನು ತಾನೇ ತಂದುಕೊಟ್ಟ, ಎರಡೂ ಕೈಯಿಂದ.

"ಹನ್ನೆರಡ ವರ್ಷ ಬಾವಿ ನೀರ ಎಳದ ಎತ್ತ ಇದು, ಅಕ್ಕಾರ. ಇಂಥಾ ತಾಕತ್ತಿನ ಮಾಂಸ ಈ ತಾಲೂಕಿನಾಗ ಸಿಗಂಗಿಲ್ಲ. ಬೇಗಂ ಸಾಹೇಬರಿಗೆ ಅಂತ ತಗದ ಇಟ್ಟೀನಿ."

ಗೌರವದಿಂದ ಕೊಟ್ಟದ್ದನ್ನು ಬೇಡವೆನ್ನುವುದು ಹೇಗೆ? ಆಲೂಗಡ್ಡೆ ಹೆಚ್ಚಿ ಹಾಕಿ, ಮುಚ್ಚಳ ಬಿಗಿದು, ದೇವರನ್ನು ನೆನೆದು ಪಡಸಾಲೆಗೆ ಹೋದೆ.

ತನಿಖೆ ಚೆನ್ನಾಗಿ ನಡೆಯಿತು. ಓದಿಸಿದರು, ಉಕ್ತಲೇಖನ ಬರೆಸಿದರು, ಹೊಲಿಗೆ ನೋಡಿದರು. ಗಡಿಗೆ ಸುಟ್ಟ ಹುಡುಗಿ ಬಾಯಿಲೆಕ್ಕಕ್ಕೆ ಪಟಪಟ ಉತ್ತರ ಹೇಳಿದಳು. ಮೂರು ಗಂಟೆಯ ಹೊತ್ತಿಗೆ ಕೇಳುವುದೇನೂ ಉಳಿಯಲಿಲ್ಲ. ಬೇಗಂ ಸಾಹೇಬರು ಕೈಗಡಿಯಾರ ನೋಡಿಕೊಂಡು ಕುರ್ಚಿಗೆ ಒರಗಿದರು. ನಾಲ್ಕಾಯಿತು. ಗಂಟೆಯಿಲ್ಲ.

ಕಿಟಕಿಯಿಂದ ನೋಡಿದರೆ ಆಯಾ ಅಂಗಳದಲ್ಲಿ ಮೂಗು ಮೇಲೆತ್ತಿ ನಿಂತಿದ್ದಾಳೆ. ನಾನು ಕಣ್ಣಲ್ಲೇ ಸನ್ನೆ ಮಾಡಿದೆ. ಇನ್ನೂ ಇಲ್ಲ ಎಂದು ತಲೆಯಾಡಿಸಿದಳು. ಶಿಕ್ಷಕಿಯನ್ನು ನೀರಿನ ನೆವ ಮಾಡಿ ಹೊರಗೆ ಕಳಿಸಿದೆ. ಆಕೆ ನಿಂಬೆಹಣ್ಣು ಮೂಗಿಗೆ ಹಿಡಿದುಕೊಂಡೇ ವಾಪಸು ಬಂದು, ಒಪ್ಪುತ್ತಿಲ್ಲ ಎಂದು ಪಿಸುಗುಟ್ಟಿದಳು.

ಹುಡುಗಿಯರು ಗಂಟೆಯಾಗದೆ ಏಳುವ ಹಾಗಿಲ್ಲ. ಸುಮ್ಮನೆ ಕೂಡಿಸುವ ಹಾಗೂ ಇಲ್ಲ. ಮಗ್ಗಿ ಹೇಳಿಸಿದೆ. ಇಪ್ಪತ್ತರವರೆಗೆ ಬರುತ್ತಿತ್ತು, ಹೇಳಿ ಮುಗಿಸಿದರು. ಗಡಿಗೆಯ ಹುಡುಗಿ ಇಪ್ಪತ್ತೊಂದರ ಮಗ್ಗಿಯನ್ನು ನಿಂತ ನಿಲುವಿನಲ್ಲಿ ಕಟ್ಟಿ ಹೇಳತೊಡಗಿದಳು. ಉಳಿದವರು ಹಿಂದಿನಿಂದ ಹೇಳಿದರು. ಇಪ್ಪತ್ತಾರಕ್ಕೆ ಬರುವಾಗ ದೂರದಲ್ಲಿ ಸಂಜೆಯ ಗಾಡಿ ಸಿಳ್ಳೆ ಹಾಕಿ ಹೊರಟುಹೋಯಿತು. ಬೇಗಂ ಸಾಹೇಬರು ಅದು ಹೋದ ದಿಕ್ಕಿಗೊಮ್ಮೆ ನೋಡಿದರು. ಏಳಲಿಲ್ಲ.

ನಾನು ಕ್ಷಮೆ ಕೇಳಿ ಹೊರಗೆ ಬಂದೆ. ಐದನೆಯ ಜಮಾತು ನಿನ್ನ ಕೈಯಲ್ಲಿದೆ, ಮೊದಲು ಗಂಟೆ ಬಾರಿಸು ಎಂದು ಆಯಾಗೆ ಹೇಳಿದೆ.

"ಸುಳ್ಳ ಗಂಟಿ ಬಾರಸಲೇನ್ರಿ?" ಎಂದಳು ಆಯಾ. "ದಿನಾ ಖರೇ ಬಾರಿಸಿ, ಸರಕಾರದವರು ಬಂದ ದಿನಾನ?"

ಒಳಗೆ ಬಂದು ಕೂತೆ. ಬೇಗಂ ಸಾಹೇಬರು ಉರ್ದುವಿನಲ್ಲಿ ಮೆಲ್ಲಗೆ, ನಿಮ್ಮ ಶಾಲೆ ಬಿಡುವುದು ಯಾವಾಗ ಎಂದು ಕೇಳಿದರು. ಸುಳ್ಳು ಹೇಳುವ ಧೈರ್ಯ ನನಗಿರಲಿಲ್ಲ, ನಿಜ ಹೇಳುವ ಧೈರ್ಯ ಅದಕ್ಕಿಂತ ಕಡಿಮೆ ಇತ್ತು.

"ಕೆಲಸ ಪೂರಾ ಆದ ಮೇಲೆ, ಬೇಗಂ ಸಾಹೇಬ," ಎಂದೆ.

ಅವರು ಏನೋ ಬರೆದುಕೊಂಡರು.

ಐದೂವರೆಗೆ ಮಗ್ಗಿ ಮೂವತ್ತೊಂದರಲ್ಲಿದ್ದಾಗ ಗಂಟೆಯಾಯಿತು. ಅದರ ಹಿಂದೆಯೇ ವಾಸನೆಯೂ ಬಂತು. ಊಟಕ್ಕೆ ಕೂತರೆ ಮಾಂಸ ಬೆಣ್ಣೆಯ ಹಾಗೆ ಬೆಂದಿತ್ತು, ಆಲೂಗಡ್ಡೆ ಪಾತ್ರೆಯಲ್ಲಿರಲಿಲ್ಲ. ಬೇಗಂ ಸಾಹೇಬರು ಹುಡುಕಿ, ಎಲ್ಲಿ ಎಂದು ಕೇಳಿದರು. ಸಾರು ಗಟ್ಟಿಯಾಗಿದೆಯಲ್ಲ, ಅದೇ ಎಂದೆ. ಎರಡು ಸಲ ಬಡಿಸಿಕೊಂಡರು.

ಒಂದು ತಿಂಗಳಿಗೆ ಹುಕುಂ ಬಂತು. ಐದನೆಯ ಜಮಾತು ಮಂಜೂರು. ಹೊತ್ತು ಮೀರಿದರೂ, ಅಧಿಕಾರಿಯ ಗಾಡಿ ತಪ್ಪಿದರೂ, ಕೆಲಸ ಪೂರಾ ಆಗದೆ ಏಳದ ಶಾಲೆಯನ್ನು ತಾವು ಬೇರೆಲ್ಲೂ ಕಂಡಿಲ್ಲವೆಂದು ಬೇಗಂ ಸಾಹೇಬರು ಬರೆದಿದ್ದರು. ಜೊತೆಗೆ ಒಂದು ಹೊಸ ಗಡಿಯಾರವೂ ಬಂತು. ಆಯಾ ಅದನ್ನು ಹತ್ತಿರ ಹೋಗಿ ಮೂಸಿ ನೋಡಿ, ಇದರ ಮೇಲೆ ತನಗೆ ಭರವಸೆಯಿಲ್ಲ ಎಂದಳು. ಹುಡುಗಿಯ ತಾಯಿ ಬಂದು ತನ್ನ ಕರಿ ಗಡಿಗೆ ತೆಗೆದುಕೊಂಡು ಹೋದಳು. ಮರುದಿನ ಅದರ ತುಂಬ ಬೆಲ್ಲ ಕಳಿಸಿದಳು.

ಹುಕುಮಿನ ನಕಲು ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಶಾಲೆಗಳಿಗೂ ಹೋಗಿತ್ತು. ಕೊಪ್ಪಳದ ಪದ್ಧತಿಯನ್ನೇ ಅನುಸರಿಸಬೇಕೆಂದು ಅಪ್ಪಣೆ. ಕುಷ್ಟಗಿಯವರೂ ಯಲಬುರ್ಗಾದವರೂ ಸುಮ್ಮನಿದ್ದರು. ಗಂಗಾವತಿಯ ಹೆಡ್‌ಮಿಸ್ಟ್ರೆಸ್ ಮಾತ್ರ ನನಗೆ ಕಾಗದ ಬರೆದರು. ಅವರಲ್ಲೂ ಐದನೆಯ ಜಮಾತಿನ ಅರ್ಜಿ ಧೂಳು ತಿನ್ನುತ್ತಿತ್ತು. ತಮ್ಮ ಪದ್ಧತಿ ಏನು, ದಯವಿಟ್ಟು ಮುಚ್ಚಿಡದೆ ತಿಳಿಸಬೇಕು ಎಂದು ಕೇಳಿದ್ದರು. ಪ್ರಾಮಾಣಿಕರಾದ ಹೆಂಗಸು, ಸುಳ್ಳು ಬರೆಯಲು ಮನಸ್ಸಾಗಲಿಲ್ಲ. ಒಂದೂವರೆ ಸೇರು ದನದ ಮಾಂಸ, ವಯಸ್ಸಾದದ್ದು. ಅರ್ಧ ಸೇರು ಆಲೂಗಡ್ಡೆ. ಸಣ್ಣ ಬೆಂಕಿ, ಬಿಗಿಯಾದ ಮುಚ್ಚಳ, ಬೇಯುವ ತನಕ ಗಂಟೆ ಬಾರಿಸಬಾರದು ಎಂದು ಇದ್ದದ್ದನ್ನು ಇದ್ದ ಹಾಗೆ ಬರೆದು ಕಳಿಸಿದೆ.

ವಾರದೊಳಗೆ ಮರುಟಪಾಲು ಬಂತು.

"ತಮ್ಮ ಪದ್ಧತಿ ಓದಿ ತಿಳಿಯಿತು. ನಮ್ಮದು ಮಾಂಸ ಮುಟ್ಟದ ಮನೆ. ಬರೀ ಆಲೂಗಡ್ಡೆಯಲ್ಲಿ ಐದನೆಯ ಜಮಾತು ಆಗಬಹುದೇ?"